ಹಳ್ಳಕ್ಕೆ ಬಿಟ್ಟ ನೀರು

ಮಹಾನವಮಿಗೆ ಮುಂಚೆ ಮನೆಯ ಕೌದಿ, ಚಾದರ, ಜಮಖಾನೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುವುದು ನಮ್ಮ ಕಡೆಯ ರೂಢಿ. ಘಟ ಕೂಡುವ ಹೊತ್ತಿಗೆ ಮನೆಯಲ್ಲಿ ಕೊಳೆಯ ಬಟ್ಟೆ ಒಂದೂ ಉಳಿಯಬಾರದು. ಆ ವರ್ಷ ದಸರೆಯ ಸೂಟಿ ಬಿಟ್ಟ ಮರುದಿನ ನಾನೂ ನನ್ನ ಅತ್ತೆಯೂ ಏಳು ಕೌದಿಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಹಳ್ಳಕ್ಕೆ ಹೋದೆವು. ಊರಿನ ಅರ್ಧ ಹೆಂಗಸರು ಆಗಲೇ ಅಲ್ಲಿದ್ದರು. ಮಳೆ ಚೆನ್ನಾಗಿ ಆಗಿತ್ತು. ಮೊಳಕಾಲುದ್ದದ ನೀರು ತಿಳಿಯಾಗಿ ಹರಿಯುತ್ತಿತ್ತು. ಬಂಡೆಗೆ ಕೌದಿ ಬಡಿಯುವ ಸಪ್ಪಳದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ.

ಮೊದಲು ವಾಸನೆ ಬಂತು. ಬೆಲ್ಲ ಹುಳಿತು ಕೊಳೆತರೆ ಬರುವಂಥ ವಾಸನೆ. ಆಮೇಲೆ ಹಳದಿ ನೊರೆ. ಅದರ ಹಿಂದೆಯೇ ಬಣ್ಣ. ಮೇಲಿನಿಂದ ಕಂದು ನೀರಿನ ಪಟ್ಟಿಯೊಂದು ಇಳಿದುಬಂದು ನೋಡನೋಡುವಷ್ಟರಲ್ಲಿ ಇಡೀ ಹಳ್ಳ ಚಹಾದ ಡಿಕಾಕ್ಷನ್ ಆಯಿತು. ಹೆಂಗಸರು ಕೌದಿಗಳನ್ನು ಎಳೆದೆಳೆದು ದಂಡೆಗೆ ಹಾಕಿದರು. ನೀರು ಕುಡಿದು ಭಾರವಾದ ಕೌದಿಯನ್ನು ಒಬ್ಬರೇ ಎತ್ತಲಾಗುವುದಿಲ್ಲ, ಹೀಗಾಗಿ ಅರ್ಧಕ್ಕರ್ಧ ಅಲ್ಲೇ ತೊಯ್ದು ಕಲೆಯಾದವು. ನಮ್ಮವು ನಾಲ್ಕು.

ಎದುರು ಮನೆಯ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದಳು. ನಾನು ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ನನ್ನನ್ನು ಏಕವಚನದಲ್ಲೇ ಕರೆದವಳು. ಅಂದು 'ರಿ' ಹಚ್ಚಿದಳು.

"ಅಕ್ಕೋರ, ನಿಮ್ಮ ಮನಿಯವರ ಟ್ಯಾಂಕರ್ ಖಾಲಿ ಆತ ನೋಡ್ರಿ."

ಯಾರೂ ನಗಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು ತಲೆ ತಗ್ಗಿಸಿ ಕೌದಿಯ ತುದಿ ಹಿಂಡುತ್ತಿದ್ದರು. ಅವರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ, ಎಂದುಕೊಂಡೆ. ಅದೂ ಸುಳ್ಳೇ. ನನ್ನ ಗಂಡ ಕೆಲಸದಿಂದ ಬಂದು ಎರಡೆರಡು ಸಲ ಸಾಬೂನು ಹಚ್ಚಿ ಸ್ನಾನ ಮಾಡಿದರೂ ಅವರ ಮೈಗೆ ಅದೇ ಹುಳಿ ವಾಸನೆ ಇರುತ್ತಿತ್ತು. ನಾಲ್ಕು ವರ್ಷ ಆ ಅಂಗಿ ಒಗೆದವಳು ನಾನು. ಹಳ್ಳ ಅದೇ ವಾಸನೆ ಹೊಡೆದಾಗಲೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ಸೇತುವೆ ದಾಟಿ ಶಾಲೆಗೆ ಹೋಗಿದ್ದೇನೆ. ಎರಡನ್ನೂ ಕೂಡಿಸಿ ನೋಡುವುದು ನನಗೆ ಬೇಕಿರಲಿಲ್ಲ.

ನನ್ನ ತವರು ಹುಕ್ಕೇರಿ ತಾಲೂಕಿನಲ್ಲಿ, ಯಮಕನಮರಡಿಯ ಹತ್ತಿರದ ಹಳ್ಳಿ. ಮದುವೆಯಾಗಿ ಬಂದದ್ದು ಮೂಡಲಗಿ ಕಡೆಗೆ. ಪಕ್ಕದೂರಿನ ಸರ್ಕಾರಿ ಶಾಲೆಯಲ್ಲಿ ನಾನು ಮಾಸ್ತರಿಕೆ ಮಾಡುತ್ತಿದ್ದೆ, ಪರಿಸರ ಅಧ್ಯಯನದ ಪಾಠವೂ ನನ್ನದೇ. ಗಂಡ ಸಕ್ಕರೆ ಕಾರ್ಖಾನೆಯೊಂದರ ಟ್ಯಾಂಕರ್ ನಡೆಸುತ್ತಿದ್ದರು. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಸ್ಪಿರಿಟ್ ಭಟ್ಟಿ ಇಳಿಸಿದ ಮೇಲೆ ಉಳಿಯುವ ನೀರಿಗೆ ಕಾರ್ಖಾನೆಯವರು ಒಂದು ಇಂಗ್ಲಿಷ್ ಹೆಸರು ಹೇಳುತ್ತಾರೆ. ಊರಿನವರು ಕರಿ ನೀರು ಎನ್ನುತ್ತಾರೆ. ಅದನ್ನು ಒಪ್ಪಿದ ರೈತರ ಹೊಲಕ್ಕೆ ಗೊಬ್ಬರವೆಂದು ಮುಟ್ಟಿಸಬೇಕು, ಹೊಲದವನ ಸಹಿ ಹಾಕಿಸಿಕೊಂಡು ಗೇಟ್ ಪಾಸ್ ವಾಪಸು ಕೊಡಬೇಕು. ಇಷ್ಟೇ ಅವರ ಕೆಲಸ ಎಂದು ಮಗಳಿಗೂ ಹೇಳಿದ್ದೆ, ನನಗೂ ಹೇಳಿಕೊಂಡಿದ್ದೆ.

ಅಂದು ಸಂಜೆ ಅವರು ಬಂದಾಗ ಅಂಗಳದ ಹಗ್ಗದ ಮೇಲೆ ಕಲೆಯಾದ ನಾಲ್ಕೂ ಕೌದಿಗಳಿದ್ದವು. ಅವರು ನೋಡಿದರು, ಕಾಲು ತೊಳೆದುಕೊಂಡರು, ಒಳಗೆ ಬಂದು ಕೂತರು. ಹಳ್ಳಕ್ಕೆ ಬಿಡುತ್ತಿರುವುದು ಖರೆಯೇ ಎಂದು ಕೇಳಿದೆ. ಅಲ್ಲ ಎನ್ನುತ್ತಾರೆ, ನಾನು ಅರ್ಧ ನಂಬುತ್ತೇನೆ ಎಂದುಕೊಂಡಿದ್ದೆ. ಅವರು ಅಲ್ಲ ಎನ್ನಲಿಲ್ಲ.

"ಮತ್ತೆಲ್ಲಿ ಒಯ್ಲಿ? ಒಳಗಿನ ಹೊಂಡ ತುಂಬಿ ತುಳಕಾಕತ್ತೈತಿ. ಎಲ್ಲ್ಯರ ಖಾಲಿ ಮಾಡ್ಕೊಂಡ ಅರ್ಧಾ ತಾಸಿನಾಗ ತಿರಗಿ ಬಾ ಅಂತಾನ ಸೂಪರ್‌ವೈಜರ್. ತಲಿಮ್ಯಾಲ ಹೊತಗೊಂಡ ನಿಂದರಲೇನ ನಾ?"

"ಪಾಸಿನ ಮ್ಯಾಲ ಬರದ ಹೊಲಕ್ಕ ಒಯ್ಯರಿ," ಎಂದೆ.

ಪಾಸಿನ ಮೇಲೆ ಬರೆದ ಹೊಲ ಒಂದು ತಾಸಿನ ದಾರಿ ಎಂದರು. ಆ ಹೊಲದವನು ಒಂದು ವರ್ಷದ ಹಿಂದೆಯೇ ಬೇಡವೆಂದಿದ್ದಾನೆ, ಅವನ ಬಾವಿ ಕೆಟ್ಟಿದೆ ಎಂದರು. ಹಾಗಾದರೆ ಪಾಸಿನ ಮೇಲೆ ಅವನ ಸಹಿ ಹೇಗೆ ಬರುತ್ತದೆ ಎಂದೆ. ಅವರು ಊಟಕ್ಕೆ ಹಾಕು ಎಂದರು. ಊಟದ ತಾಟು ಮುಂದೆ ಇಟ್ಟೆ. ಒಂದು ರೊಟ್ಟಿ ಮುರಿದು ಅಲ್ಲಿಗೇ ಬಿಟ್ಟು ಎದ್ದರು. ಬಾಗಿಲಲ್ಲಿ ನಿಂತು ಇಷ್ಟು ಹೇಳಿದರು:

"ನಿಮ್ಮ ಸಾಲಿ ಹಿಂದ ಶನಿವಾರಕ್ಕೊಮ್ಮಿ ಪ್ಲಾಸ್ಟಿಕ್ ಸುಡತೀರಲ್ಲ, ಆ ಹೊಗಿ ಎಲ್ಲಿ ಹೋಗತೈತಿ? ನನಗ ಪಾಠ ಹೇಳಾಕ ಬರಬ್ಯಾಡ."

ಖರೆಯ ಮಾತು. ಶನಿವಾರ ಅಂಗಳ ಗುಡಿಸಿ, ಹಾಲಿನ ಪುಡಿಯ ಖಾಲಿ ಚೀಲ, ಕುರಕುರೆ ಪಾಕೀಟುಗಳ ರಾಶಿಗೆ ಕಡ್ಡಿ ಗೀರುತ್ತಿದ್ದವಳು ನಾನೇ. ಸೂಟಿ ಮುಗಿದ ಮೇಲೆ ಅದನ್ನು ನಿಲ್ಲಿಸಿದೆ. ಗೋಣಿಚೀಲದಲ್ಲಿ ತುಂಬಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಮೂಡಲಗಿಯ ಗುಜರಿಗೆ ಒಯ್ದು ಕೊಡತೊಡಗಿದೆ. ಕಂಡಕ್ಟರ್ ಬೈದ, ಜೊತೆಯ ಶಿಕ್ಷಕರು ನಕ್ಕರು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಅವರ ಬಾಯಿಗೆ ಆ ಮಾತು ಇನ್ನೊಮ್ಮೆ ಸಿಗಬಾರದೆಂಬ ಹಟಕ್ಕೇ ಮಾಡಿದೆ. ಆ ದಿನಗಳಲ್ಲಿ ನಾನು ಮಾಡಿದ ಒಳ್ಳೆಯದೆಲ್ಲ ಸಿಟ್ಟಿನಿಂದಲೇ ಆದದ್ದು.

ದೀಪಾವಳಿ ಕಳೆದ ಮೇಲೆ ಒಂದು ದಿನ ರಜೆ ಹಾಕಿ ಕಾರ್ಖಾನೆಗೆ ಹೋದೆ. ಕಲೆಯಾದ ಕೌದಿಯೊಂದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಪರಿಸರ ವಿಭಾಗದ ಸಾಹೇಬರು ಎಂದು ಒಬ್ಬರ ಹತ್ತಿರ ಕಳಿಸಿದರು. ನನಗಿಂತ ಹತ್ತು ವರ್ಷ ಚಿಕ್ಕವರು, ಬೇರೆ ಜಿಲ್ಲೆಯವರು, ಬಹಳ ಮರ್ಯಾದೆಯ ಮಾತು. ಚಹಾ ತರಿಸಿದರು. ಕೌದಿ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಅವರು ಕಲೆಯನ್ನು ನೋಡುವುದು ಬಿಟ್ಟು, ಮೂಲೆಯಲ್ಲಿ ಹೊಲಿದ ತ್ರಿಕೋನಗಳನ್ನು ನೋಡಿ, ಕೈಯಿಂದ ಹೊಲಿದದ್ದೇ ಎಂದು ಕೇಳಿದರು. ಆಮೇಲೆ ನಿಧಾನವಾಗಿ ತಿಳಿಹೇಳಿದರು. ಕಾರ್ಖಾನೆಗೆ ಎಲ್ಲ ಪರವಾನಿಗೆ ಇವೆ, ಒಂದು ಹನಿ ನೀರೂ ಕಾಂಪೌಂಡಿನಿಂದ ಹೊರಗೆ ಹರಿಯುವುದಿಲ್ಲ.

"ಗೇಟು ದಾಟಿದ ಮೇಲೆ ಟ್ಯಾಂಕರ್ ಗುತ್ತಿಗೆದಾರರದು, ಮೇಡಮ್. ಡ್ರೈವರ್ ದಾರಿಯಲ್ಲಿ ಏನಾದರೂ ಮಾಡಿದರೆ ಅದು ಅವನ ವೈಯಕ್ತಿಕ ತಪ್ಪು. ನೀವು ಹೆಸರು ಬರೆದುಕೊಡಿ, ಇವತ್ತೇ ತೆಗೆದುಹಾಕುತ್ತೇವೆ."

ಬಿಳಿ ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದೆ ಸರಿಸಿದರು. ನಾನು ಪೆನ್ನು ಮುಟ್ಟದೆ ಕೂತದ್ದನ್ನು ನೋಡಿ, ನಿಮ್ಮ ಯಜಮಾನರು ನಮ್ಮ ಟ್ಯಾಂಕರ್ ಮೇಲೇ ಇದ್ದಾರಲ್ಲವೇ, ಒಳ್ಳೆಯ ಡ್ರೈವರ್ ಎಂದು ಕೇಳಿದ್ದೇನೆ ಎಂದರು. ನಗುತ್ತಲೇ ಅಂದರು. ನಾನು ಗೇಟಿನಲ್ಲಿ ಹೆಸರು ಬರೆಸಿದಾಗಲೇ ಅವರಿಗೆ ಗೊತ್ತಾಗಿತ್ತು. ಕೌದಿ ಮಡಚಿಕೊಂಡು ಎದ್ದೆ. ಚಹಾ ಹಾಗೇ ಬಿಟ್ಟೆ. ಆ ಮನುಷ್ಯನ ಮೇಲೆ ನನಗೆ ಹುಟ್ಟಿದ ದ್ವೇಷ ಇಂದಿಗೂ ಆರಿಲ್ಲ. ಬೈದಿದ್ದರೆ ಬಹುಶಃ ಮರೆಯುತ್ತಿದ್ದೆ.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ನನ್ನ ಗಂಡನನ್ನು ಕೇಳಿದರೆ ಸೂಪರ್‌ವೈಜರ್ ಹೇಳಿದ ಎನ್ನುತ್ತಾರೆ. ಸಾಹೇಬರನ್ನು ಕೇಳಿದರೆ ಡ್ರೈವರ್ ಮಾಡಿದ ಎನ್ನುತ್ತಾರೆ. ಇಬ್ಬರ ನಡುವೆ ಟ್ಯಾಂಕರಿನ ವಾಲ್ವನ್ನು ಯಾರೂ ಮುಟ್ಟಿಯೇ ಇಲ್ಲ, ನೀರು ತಾನೇ ಇಳಿದು ಹಳ್ಳಕ್ಕೆ ಹೋಯಿತು!

ಆ ಚಳಿಗಾಲ ಕಾರ್ಖಾನೆ ಭರದಲ್ಲಿ ನಡೆಯಿತು. ಹಳ್ಳ ವಾರಕ್ಕೆರಡು ಸಲ ಬಣ್ಣ ಬದಲಿಸುತ್ತಿತ್ತು. ಅತ್ತೆ ದಿನಾ ಎರಡು ಎಮ್ಮೆಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಿದ್ದರು. ಅವರ ಕಾಲಬೆರಳ ಸಂದಿಯಲ್ಲಿ ಗುಳ್ಳೆ ಎದ್ದು ಒಡೆದು ಹುಣ್ಣಾದವು. ಮೂಡಲಗಿಯ ಡಾಕ್ಟರರು ಮುಲಾಮು ಕೊಟ್ಟು, ಆ ನೀರಿಗೆ ಇಳಿಯಬೇಡಿ ಎಂದರು. ಅತ್ತೆ ಮರುದಿನವೂ ಇಳಿದರು. ಬೇಡವೆಂದರೆ, ಅದನ್ನು ಎಮ್ಮೆಗೆ ಹೇಳು ಎಂದರು. ಮಗನ ಬಗ್ಗೆ ಒಂದು ಮಾತು ಆಡಲಿಲ್ಲ. ಮಗನೂ ತಾಯಿಯ ಕಾಲಿಗೆ ಮುಲಾಮು ಹಚ್ಚಿದರು, ಎದ್ದು ಕೈ ತೊಳೆದುಕೊಂಡು ಟ್ಯಾಂಕರಿಗೆ ಹೋದರು. ಅದನ್ನು ನಾನು ಒಲೆಯ ಮುಂದೆ ಕೂತು ನೋಡಿದೆ. ಇಂಥವರ ಜೊತೆ ಇಷ್ಟು ವರ್ಷ ಬಾಳಿದೆನೇ ಎಂದು ಅಸಹ್ಯವಾಯಿತು.

ಬೇಸಿಗೆ ಹತ್ತುವ ಹೊತ್ತಿಗೆ ಹಳ್ಳ ಸಣ್ಣದಾಯಿತು. ನೀರು ಕಡಿಮೆಯಾದಷ್ಟೂ ಕರಿ ನೀರು ಗಟ್ಟಿ. ಒಂದು ಬೆಳಿಗ್ಗೆ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೊಕ್ಕರೆಗಳು ದಂಡೆಯ ಮೇಲೆ ನಿಂತಿದ್ದವು, ಒಂದೂ ಅವನ್ನು ಮುಟ್ಟಲಿಲ್ಲ. ಅಂದು ತರಗತಿಯಲ್ಲಿ ಜಲಚರಗಳ ಪಾಠವಿತ್ತು. ಒಬ್ಬ ಹುಡುಗಿ ಎದ್ದು, ಅಕ್ಕೋರ ನಮ್ಮ ಹಳ್ಳದಾಗ ಈಗ ಯಾವ ಜಲಚರ ಅದಾವ್ರಿ ಎಂದಳು. ಮುಗ್ಧವಾಗಿ ಕೇಳಿದಳೋ, ಮನೆಯಲ್ಲಿ ಹೇಳಿಕೊಟ್ಟಿದ್ದರೋ ತಿಳಿಯಲಿಲ್ಲ. ಪುಸ್ತಕ ಮುಚ್ಚಿ ಎಲ್ಲರನ್ನೂ ಆಟಕ್ಕೆ ಬಿಟ್ಟೆ.

ಮರುದಿನ ಬೆಳಕು ಹರಿಯುವಾಗ ಫೋನ್ ಹಿಡಿದುಕೊಂಡು ಸೇತುವೆಗೆ ಹೋದೆ. ಸೇತುವೆಯ ಬಾಜೂ ಹಳೆಯ ಬಂಡಿದಾರಿ ಹಳ್ಳಕ್ಕೆ ಇಳಿಯುತ್ತದೆ, ಅಲ್ಲಿ ಜಾಲಿ ದಟ್ಟವಾಗಿದೆ. ಒಂದು ಟ್ಯಾಂಕರ್ ಬಂತು, ಖಾಲಿ ಮಾಡಿ ಹೋಯಿತು. ಇನ್ನೊಂದು ಬಂತು. ಎರಡನ್ನೂ ಫೋನಿನಲ್ಲಿ ಹಿಡಿದೆ. ಮೂರನೆಯದು ಬಂದಾಗ ಇಂಜಿನ್ನಿನ ಸಪ್ಪಳದಿಂದಲೇ ಗುರುತು ಸಿಕ್ಕಿತು. ಮನೆಗೆ ಹೋಗೋಣ ಎನಿಸಿತು. ಹೋಗಲಿಲ್ಲ. ಜಾಲಿಯ ಮರೆಯಿಂದ ದಾರಿಗೆ ಬಂದು ನಿಂತೆ.

ಅವರು ಇಳಿದು ಪೈಪು ಬಿಚ್ಚಿ ಹಳ್ಳಕ್ಕೆ ಎಸೆದು ವಾಲ್ವ್ ತಿರುಗಿಸಿದ ಮೇಲೆ ನನ್ನನ್ನು ನೋಡಿದರು. ಹಿಂದೆ ನೀರು ಧುಮುಕುತ್ತಲೇ ಇತ್ತು.

"ಮನಿಗಿ ಹೋಗ," ಎಂದರು.

"ನೀ ಪೈಪ್ ಮುಚ್ಚ," ಎಂದೆ.

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವರನ್ನು ನೀ ಎಂದದ್ದು ಅದೇ ಮೊದಲು. ಅವರ ಮುಖ ಬದಲಾಯಿತು. ಬಂದು ಫೋನ್ ಕಸಿದುಕೊಳ್ಳುತ್ತಾರೆ ಎಂದು ಹಿಂದೆ ಸರಿದೆ. ಅವರು ಕಸಿಯಲಿಲ್ಲ. ಟ್ಯಾಂಕರಿನ ಹಿಂಭಾಗದಿಂದ ಎರಡು ಹೆಜ್ಜೆ ಆಚೆ ಸರಿದು ನಿಂತರು.

"ತಗಿ. ನಂಬರ್ ಚೊಲೊ ಕಾಣಲಿ."

ತೆಗೆದೆ. ಟ್ಯಾಂಕರ್ ಪೂರ್ತಿ ಖಾಲಿಯಾಗುವವರೆಗೂ ಅವರು ಪೈಪು ಮುಚ್ಚಲಿಲ್ಲ.

ಅರ್ಜಿಯನ್ನು ಶಾಲೆಯ ಊಟದ ಬಿಡುವಿನಲ್ಲಿ ಬರೆದೆ. ಒಂದು ಪ್ರತಿ ತಾಲೂಕು ಕಚೇರಿಗೆ, ಒಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ. ಮೂರು ಟ್ಯಾಂಕರುಗಳ ನಂಬರುಗಳಲ್ಲಿ ಅವರದೇ ಮೊದಲು ಬರೆದೆ. ಗೋಕಾಕದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಗಳಿಗೆ ಫೋನಿನಲ್ಲಿ ಹೇಳಿದಾಗ ಅವಳು ಅತ್ತಳು. ಅಪ್ಪನ ನಂಬರ್ ಬಿಟ್ಟು ಉಳಿದೆರಡು ಬರೆದಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದಳು. ನನಗೆ ಬಾಯಿಪಾಠ ಇದ್ದದ್ದು ಅದೊಂದೇ ನಂಬರ್ ಎಂದೆ. ಅವಳು ಫೋನ್ ಇಟ್ಟಳು. ಆಮೇಲೆ ಎರಡು ತಿಂಗಳು ಅಜ್ಜಿಯ ಜೊತೆ ಮಾತ್ರ ಮಾತಾಡಿದಳು.

ಮೂರು ವಾರದಲ್ಲಿ ಮೂವರು ಡ್ರೈವರುಗಳನ್ನೂ ತೆಗೆದರು. ನನ್ನ ಅರ್ಜಿಗೆ ಕಾರ್ಖಾನೆಯಿಂದ ಪ್ರತ್ಯುತ್ತರವೂ ಬಂತು. ತಪ್ಪಿತಸ್ಥರ ಮೇಲೆ ಕ್ರಮ ಕೈಗೊಂಡಿದೆ, ಪರಿಸರ ಕಾಳಜಿಗೆ ಧನ್ಯವಾದ. ಎಂಟು ದಿನದಲ್ಲಿ ಅವೇ ಟ್ಯಾಂಕರುಗಳು ಹೊಸ ಡ್ರೈವರುಗಳ ಕೈಯಲ್ಲಿ ಅದೇ ಜಾಲಿಯ ಹಿಂದೆ ಬಂದು ನಿಂತವು.

ನನ್ನ ಮನೆಯಲ್ಲಿ ಮಾತು ನಿಂತಿತು. ಅವರು ಹಾಸಿಗೆಯನ್ನು ಪಡಸಾಲೆಗೆ ಹಾಕಿಕೊಂಡರು. ನಾನು ಮಾಡಿದ ಅಡಿಗೆಯನ್ನು ತಾಯಿ ಬಡಿಸಿದರೆ ಉಣ್ಣುತ್ತಿದ್ದರು, ನಾನು ಬಡಿಸಿದರೆ ತಾಟು ಸರಿಸುತ್ತಿದ್ದರು. ಉಪ್ಪು ಬೇಕಾದರೂ ನನ್ನ ತಲೆಯ ಮೇಲಿಂದ ತಾಯಿಯನ್ನು ಕೇಳುತ್ತಿದ್ದರು. ಇನ್ನೊಬ್ಬ ಡ್ರೈವರನ ಹೆಂಡತಿ ಒಂದು ಮಧ್ಯಾಹ್ನ ನಮ್ಮ ಹೊಸ್ತಿಲ ಮುಂದೆ ನಿಂತು, ಕೆಲಸ ಇದ್ದವಳಿಗೆ ಹಳ್ಳದ ಚಿಂತೆ ಬರುತ್ತದೆ, ನಮಗೆ ಒಲೆಯ ಚಿಂತೆ ಎಂದು ನೆಲಕ್ಕೆ ಉಗುಳಿ ಹೋದಳು. ಸರ್ಕಾರಿ ಪಗಾರದ ಮೇಲೆ ನಿಂತು ನಾನು ಧೈರ್ಯ ಮಾಡಿದ್ದೆ, ಅದು ನಿಜ.

ಆದರೆ ಊರಿನ ದೊಡ್ಡವರಿಗೆ ನಾನು ಹೇಳಬೇಕಾದದ್ದು ಬಹಳ ಇತ್ತು. ಅವರ ಬಾವಿ ಕೆಟ್ಟಿದ್ದವು, ಹೊಲದ ಅಂಚು ಬಿಳಿ ಉಪ್ಪು ಉಗುಳುತ್ತಿತ್ತು. ಆದರೂ ಬರುವ ವರ್ಷ ಕಾರ್ಖಾನೆ ನಮ್ಮೂರ ಕಬ್ಬು ಕಡಿಸದಿದ್ದರೆ ಅಕ್ಕೋರು ಬಂದು ಕಡಿಯುತ್ತಾರೇನು ಎಂದು ಗುಡಿಯ ಕಟ್ಟೆಯ ಮೇಲೆ ಕೂತು ಕೇಳಿದರು, ನನಗೆ ಕೇಳಿಸುವಂತೆ. ನಮ್ಮ ಮನೆಯ ಹಾಲು ಒಯ್ಯುತ್ತಿದ್ದ ನಾಲ್ಕು ಮನೆಯವರು ಒಯ್ಯುವುದನ್ನು ಬಿಟ್ಟರು. ಎದುರು ಮನೆಯ ಮುದುಕಿಯೂ ಅವರಲ್ಲೊಬ್ಬಳು.

ಜೂನ್ ಬಂತು. ಪರಿಸರ ದಿನಕ್ಕೆ ಕಾರ್ಖಾನೆಯವರು ನಮ್ಮ ಶಾಲೆಯನ್ನೇ ಆರಿಸಿಕೊಂಡರು. ನೂರು ಸಸಿ, ಬಟ್ಟೆಯ ಚೀಲ, ಮಕ್ಕಳಿಗೆ ಲಾಡು. ಅದೇ ಸಾಹೇಬರು ಬಂದರು. ನನ್ನನ್ನು ನೋಡಿ ಕೈ ಮುಗಿದು, ಅತ್ತೆಯವರು ಹೇಗಿದ್ದಾರೆ ಎಂದು ವಿಚಾರಿಸಿದರು. ಅವರ ಭಾಷಣ ಅರ್ಧ ತಾಸು. ಪರಿಸರ ಉಳಿಸುವುದು ಸರ್ಕಾರದ್ದೋ ಕಾರ್ಖಾನೆಯದ್ದೋ ಕೆಲಸವಲ್ಲ, ಪ್ರತಿಯೊಬ್ಬ ವ್ಯಕ್ತಿಯ ಹೊಣೆ. ಹಲ್ಲುಜ್ಜುವಾಗ ನಲ್ಲಿ ಬಂದ್ ಮಾಡಿ, ಪ್ಲಾಸ್ಟಿಕ್ ಬಿಸಾಡಬೇಡಿ, ಹುಟ್ಟುಹಬ್ಬಕ್ಕೆ ಗಿಡ ನೆಡಿ. ನಮ್ಮ ಶಾಲೆಯಲ್ಲಿ ನಲ್ಲಿಯೇ ಇರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು.

ವಂದನಾರ್ಪಣೆ ಪ್ರತಿ ವರ್ಷ ನನ್ನ ಪಾಲಿಗೆ. ಮೈಕಿನ ಮುಂದೆ ನಿಂತಾಗ ಧನ್ಯವಾದ ಹೇಳಿ ಮುಗಿಸುವ ಮನಸ್ಸೇ ಇತ್ತು. ಚೀಟಿಯೂ ಕೈಯಲ್ಲಿತ್ತು. ಮುಂದಿನ ಸಾಲಿನಲ್ಲಿ ಕೂತವರು ಲಾಡು ಸುತ್ತಿದ ಪ್ಲಾಸ್ಟಿಕ್ ಬಿಚ್ಚುತ್ತಿದ್ದುದು ಕಂಡಿತು. ಚೀಟಿ ಮಡಚಿದೆ.

"ವಂದನೆಗೆ ಮುಂಚೆ ಸಾಹೇಬರಿಗೆ ಒಂದು ಪ್ರಶ್ನೆ. ಇವತ್ತು ಬೆಳಿಗ್ಗೆ ನಿಮ್ಮ ಎರಡು ಟ್ಯಾಂಕರ್ ಸೇತುವೆಯ ಕೆಳಗೆ ಖಾಲಿಯಾದವು. ಡ್ರೈವರುಗಳು ಹೊಸಬರು, ಈ ಊರಿನವರಲ್ಲ. ಹಳಬರು ಮಾಡಿದ್ದು ವೈಯಕ್ತಿಕ ತಪ್ಪಾಗಿದ್ದರೆ, ಹೊಸಬರಿಗೆ ಆ ಜಾಗ ತೋರಿಸಿಕೊಟ್ಟವರು ಯಾರು?"

ಸಾಹೇಬರು ಫೋನ್ ನೋಡಿಕೊಂಡರು. ಹೆಡ್‌ಮಾಸ್ತರರು ಎದ್ದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡು ತಾವೇ ಎಲ್ಲರಿಗೂ ವಂದಿಸಿದರು. ಆಮೇಲೆ ಕೋಣೆಗೆ ಕರೆದು, ಅತಿಥಿಗಳಿಗೆ ಅವಮಾನ ಮಾಡಿದ್ದೇಕೆ ಎಂದು ಲಿಖಿತ ಉತ್ತರ ಕೇಳಿದರು. ಪ್ರಶ್ನೆ ಕೇಳಿದ್ದೇನೆ, ಅವಮಾನ ಮಾಡಿಲ್ಲ ಎಂದು ಒಂದು ಸಾಲು ಬರೆದುಕೊಟ್ಟೆ. ನೂರು ಸಸಿಗಳಲ್ಲಿ ಸೇತುವೆಯ ದಾರಿಗೆ ನೆಟ್ಟವು ಮೊದಲ ತಿಂಗಳಲ್ಲೇ ಎಮ್ಮೆಗಳ ಬಾಯಿಗೆ ಹೋದವು, ಯಾರೂ ಬೇಲಿ ಹಾಕಿರಲಿಲ್ಲ. ನಾನೂ ಹಾಕಲಿಲ್ಲ. ಅವರ ಗಿಡ ಎಂಬ ಸಿಟ್ಟು. ಗಿಡದ ತಪ್ಪೇನಿತ್ತು ಎಂದು ಈಗ ಅನಿಸುತ್ತದೆ.

ಯಾರೋ ಮಕ್ಕಳ ಪಾಲಕರು ಆ ವಂದನಾರ್ಪಣೆಯನ್ನು ಫೋನಿನಲ್ಲಿ ತೆಗೆದಿದ್ದರಂತೆ. ಅದು ಊರೂರು ಸುತ್ತಿತು. ಶ್ರಾವಣದಲ್ಲಿ ಮಾಲಿನ್ಯದ ಕಚೇರಿಯಿಂದ ಇಬ್ಬರು ಅಧಿಕಾರಿಗಳು ಸ್ಥಳ ನೋಡಲು ಬಂದರು. ಆ ಹೊತ್ತಿಗೆ ಮಳೆ ಜೋರಾಗಿ ಹಳ್ಳ ತುಂಬಿ ತಿಳಿಯಾಗಿತ್ತು. ನಾಲ್ಕು ದಿನದಿಂದ ಒಂದು ಟ್ಯಾಂಕರೂ ಬಂದಿರಲಿಲ್ಲ. ಸಾಹೇಬರು ತಮ್ಮ ಜೀಪಿನಲ್ಲಿ ಬಂದು ಛತ್ರಿ ಹಿಡಿದು ನಿಂತರು. ಊರಿನವರು ಸೇತುವೆಯ ಮೇಲೆ ಸೇರಿದರು. ಅಧಿಕಾರಿಗಳು ಬಾಟಲಿಯಲ್ಲಿ ನೀರು ಹಿಡಿದು ಎತ್ತಿ ನೋಡಿದರು. ಇಲ್ಲಿ ಕಾರ್ಖಾನೆಯ ನೀರು ಬಿಡುವುದನ್ನು ಕಂಡವರಿದ್ದರೆ ಹೇಳಿ ಎಂದರು. ಯಾರೂ ಬಾಯಿ ಬಿಡಲಿಲ್ಲ. ಎದುರು ಮನೆಯ ಮುದುಕಿಯನ್ನು ನಾನೇ ಕೈ ಹಿಡಿದು ಮುಂದೆ ತಂದೆ.

"ನಮಗೇನ ಗೊತ್ತಿಲ್ರಿ ಸಾಹೇಬ್ರ," ಎಂದು ಅವಳು ಕೈ ಬಿಡಿಸಿಕೊಂಡಳು.

ನನಗೆ ಮೊದಲು ತೋರಿಸಿಕೊಟ್ಟವಳು ಅವಳು. ಆ ಕ್ಷಣ ಇಡೀ ಊರು ಆ ಹಳ್ಳದಲ್ಲೇ ಕೊಚ್ಚಿಹೋಗಲಿ ಎನಿಸಿತು. ವಿಡಿಯೋ ಇದೆ ಎಂದೆ. ಅದರಲ್ಲಿರುವ ಮೂವರನ್ನೂ ಕೆಲಸದಿಂದ ತೆಗೆದಾಗಿದೆ, ಆ ಪ್ರಕರಣ ಮುಗಿದಿದೆ, ಅದು ಅವರ ಸ್ವಂತ ತಪ್ಪು ಎಂದು ಸಾಹೇಬರು ಅಧಿಕಾರಿಗಳಿಗೆ ಹೇಳಿದರು.

ನನ್ನ ಗಂಡ ಸೇತುವೆಯ ಆಚೆ ತುದಿಯಲ್ಲಿ ತಮ್ಮ ಸ್ಕೂಟರಿಗೆ ಒರಗಿ ನಿಂತಿದ್ದರು. ಬಂದದ್ದನ್ನು ನಾನು ನೋಡಿರಲಿಲ್ಲ. ಅವರು ನಡೆದು ಬಂದು ನನ್ನನ್ನು ದಾಟಿ ಅಧಿಕಾರಿಗಳ ಮುಂದೆ ನಿಂತರು.

"ನಾ ಬಿಟ್ಟೇನ್ರಿ. ನಾಕ ವರ್ಷ ಇಲ್ಲೇ ಬಿಟ್ಟೇನಿ. ಮೊದಲನೇ ಸಲ ಸೂಪರ್‌ವೈಜರ್ ನನ್ನ ಬಾಜೂ ಕುಂತ ಬಂದ ಜಾಗಾ ತೋರಿಸ್ಯಾನ. ಪಾಸಿನ ಮ್ಯಾಲ ಹೊಲದವರ ಸಹಿ ನಾನ ಮಾಡೇನಿ. ಅದನ್ನೂ ಬರಕೋರಿ."

ಕೆಲಸ ಹೋದ ಸಿಟ್ಟಿಗೆ ಹೇಳುತ್ತಿದ್ದಾನೆ ಎಂದರು ಸಾಹೇಬರು. ನನ್ನ ಗಂಡ ಅವರ ಕಡೆ ತಿರುಗಲೇ ಇಲ್ಲ. ಗಾಡಿಯ ಡಿಕ್ಕಿಯಿಂದ ಪ್ಲಾಸ್ಟಿಕ್ ಚೀಲ ತೆಗೆದರು. ಅದರಲ್ಲಿ ಗೇಟ್ ಪಾಸುಗಳ ಕಟ್ಟು, ಅವರ ಪಾಲಿಗೆ ಉಳಿಯುವ ಗುಲಾಬಿ ಬಣ್ಣದ ಪ್ರತಿಗಳು. ಅಧಿಕಾರಿಯ ಪೆನ್ನು ಇಸಿದುಕೊಂಡು, ಖಾಲಿ ಹಾಳೆಯ ಮೇಲೆ ಮೂವರು ರೈತರ ಸಹಿಗಳನ್ನು ಹಾಕಿ ತೋರಿಸಿದರು. ಪಾಸಿನ ಸಹಿಗಳಿಗೂ ಅವಕ್ಕೂ ಭೇದವಿರಲಿಲ್ಲ. ಆಮೇಲೆ, ಮೇಲಿನ ನೀರು ಹಿಡಿದರೆ ಏನೂ ಸಿಗುವುದಿಲ್ಲ, ತಳ ಅಗೆದು ನೋಡಿ ಎಂದು ತಾವೇ ಸಲಿಕೆ ತಂದು ಬಂಡಿದಾರಿಯ ಕೆಳಗೆ ಇಳಿದರು. ಒಂದು ಗೇಣು ಮರಳು ಸರಿಸಿದ್ದೇ ಡಾಂಬರಿನಂಥ ಕರಿ ಕೆಸರು ಬಂತು. ಸೇತುವೆಯ ಮೇಲೆ ನಿಂತವರೆಲ್ಲ ಮೂಗು ಮುಚ್ಚಿಕೊಂಡರು. ಅಧಿಕಾರಿಗಳು ಅದನ್ನು ಡಬ್ಬಿಯಲ್ಲಿ ತುಂಬಿ ಸೀಲು ಹಾಕಿದರು. ಹೇಳಿಕೆಯ ಕೆಳಗೆ ನನ್ನ ಗಂಡ ತಮ್ಮ ಸ್ವಂತ ಸಹಿ ಹಾಕಿದರು.

ಮನೆಯ ದಾರಿಯಲ್ಲಿ ನಾನು ಹಿಂದೆ, ಅವರು ಗಾಡಿ ತಳ್ಳಿಕೊಂಡು ಮುಂದೆ. ಐದು ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು:

"ನಿನ್ನ ಸಲುವಾಗಿ ಹೇಳಿಲ್ಲ."

ಮತ್ತೆ ಯಾರ ಸಲುವಾಗಿ ಎಂದೆ.

"ನನ್ನೊಬ್ಬನ ತಪ್ಪ ಅಂದಾ ಅವ. ನಂದೂ ಐತಿ, ಅಂವಂದೂ ಐತಿ. ನನ್ನ ಪಾಲ ನಾ ಹೊರತೇನಿ. ಅಂವಂದ ಯಾಕ ಹೊರಲಿ?"

ಕಾರ್ಖಾನೆಯ ಭಟ್ಟಿಯನ್ನು ನಿಲ್ಲಿಸಿದರು. ಹೊಸ ಹೊಂಡ ಕಟ್ಟಿ, ಕರಿ ನೀರನ್ನು ಕಾಯಿಸಿ ಆರಿಸುವ ಯಂತ್ರ ಕೂಡಿಸಿದ ಮೇಲೆಯೇ ಮತ್ತೆ ಸುರುಮಾಡಲು ಬಿಟ್ಟರು. ಟ್ಯಾಂಕರ್ ಎಲ್ಲಿ ನಿಂತಿತೆಂದು ತೋರಿಸುವ ಡಬ್ಬಿಗಳನ್ನು ಅವಕ್ಕೆ ಹಚ್ಚಿದರು. ಹಳ್ಳಕ್ಕೆ ಕರಿ ನೀರು ಬರುವುದು ನಿಂತಿತು. ಕಬ್ಬನ್ನೂ ಕಾರ್ಖಾನೆ ಎಂದಿನಂತೆ ಕಡಿಸಿತು, ಅದಕ್ಕೂ ಕಬ್ಬು ಬೇಕಲ್ಲ. ಹೆದರಿಸಿದ ದೊಡ್ಡವರು ಆ ಮಾತನ್ನೇ ಆಡಿಲ್ಲವೆಂಬಂತೆ ಓಡಾಡಿದರು. ಸಾಹೇಬರಿಗೆ ಬೇರೆ ಕಡೆ ಬಡ್ತಿಯಾಯಿತು ಎಂದು ಕೇಳಿದೆ. ನಮ್ಮ ಮನೆಯ ಹಾಲು ಒಯ್ಯಲು ಮುದುಕಿ ಮತ್ತೆ ಬಂದಳು. ಅತ್ತೆ ಚರಿಗೆ ತುಂಬಿ ಕೊಟ್ಟರು. ನಾನು ಒಳಗೆ ಹೋದೆ.

ಕೇಸು ಆಯಿತು. ಕಾರ್ಖಾನೆಯ ಮೇಲೆ, ಗುತ್ತಿಗೆದಾರನ ಮೇಲೆ, ಮೂವರು ಡ್ರೈವರುಗಳ ಮೇಲೆ. ತಾವೇ ಒಪ್ಪಿಕೊಂಡಿದ್ದರಿಂದ ನನ್ನ ಗಂಡನ ಹೆಸರು ಎಲ್ಲರಿಗಿಂತ ಗಟ್ಟಿಯಾಗಿ ಕೂತಿದೆ. ಕಾರ್ಖಾನೆಯ ಪರವಾಗಿ ವಕೀಲರು ಬಂದು ಮುಂದಿನ ತಾರೀಖು ಕೇಳಿ ಹೋಗುತ್ತಾರೆ. ಇವರು ಪ್ರತಿ ತಾರೀಖಿಗೂ ಖುದ್ದು ಗೋಕಾಕಕ್ಕೆ ಹೋಗಿ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತು ಬರಬೇಕು. ಈಗ ಇನ್ನೊಬ್ಬರ ಟ್ರ್ಯಾಕ್ಟರ್ ನಡೆಸುತ್ತಾರೆ. ನನ್ನನ್ನು ಹುಕ್ಕೇರಿ ತಾಲೂಕಿನ ಶಾಲೆಯೊಂದಕ್ಕೆ ನಿಯೋಜನೆ ಮಾಡಿದ್ದಾರೆ. ಆದೇಶದಲ್ಲಿ ಕಾರಣ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ತವರಿಗೆ ಹತ್ತಿರವಾಯಿತಲ್ಲ, ಅಲ್ಲೇ ಮನೆ ಮಾಡು ಎಂದು ಅಕ್ಕ ಹೇಳಿದಳು. ಮಾಡಲಿಲ್ಲ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಗೋಕಾಕಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ, ಧುಪದಾಳದ ಒಡ್ಡಿನಲ್ಲಿ ನಿಂತ ನೀರನ್ನು ಕಿಟಕಿಯಿಂದ ನೋಡುತ್ತ ಹೋಗುತ್ತೇನೆ. ನಮ್ಮ ಹಳ್ಳದ ನೀರೂ ಘಟಪ್ರಭೆಗೇ ಸೇರುವುದು, ಆದರೆ ಅದು ಕೆಳಗೆ, ಈ ನೀರಿಗೆ ಅದರ ಗುರುತಿಲ್ಲ.

ನಾವಿಬ್ಬರೂ ರಾಜಿಯಾದೆವು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ನನ್ನನ್ನು ಕ್ಷಮಿಸಿಲ್ಲ. ನಂಬರ್ ಬರೆದದ್ದಕ್ಕಲ್ಲ, ನೀ ಎಂದದ್ದಕ್ಕೆ ಎಂದು ಅತ್ತೆ ಹೇಳುತ್ತಾರೆ. ನಾನೂ ಆ ನಾಲ್ಕು ವರ್ಷಗಳನ್ನು ಕ್ಷಮಿಸಿಲ್ಲ, ಅವರದನ್ನೂ ನನ್ನದನ್ನೂ. ಬೇಕಾದಷ್ಟು ಮಾತಾಡುತ್ತೇವೆ, ಕರೆಂಟ್ ಹೋಯಿತು, ಎಮ್ಮೆ ಗಬ್ಬಾಗಿದೆ ಎನ್ನುವಷ್ಟು.

ತಾರೀಖು ಇದ್ದ ದಿನ ಇಬ್ಬರಿಗೂ ಒಂದೇ ಬಸ್ಸು. ಅವರು ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ನಾನು ಮುಂದೆ ಹೆಂಗಸರ ಸೀಟಿನಲ್ಲಿ. ಹೋದ ತಿಂಗಳು ಗೋಕಾಕ ಬಂದಾಗ ಅವರು ಅವಸರದಲ್ಲಿ ಇಳಿದುಬಿಟ್ಟರು. ಕೇಸಿನ ಕಾಗದಗಳ ಚೀಲ ಕೈಯಲ್ಲಿತ್ತು, ಬುತ್ತಿಗಂಟು ಸೀಟಿನ ಮೇಲೆಯೇ ಇತ್ತು. ಅದನ್ನು ಎತ್ತಿಕೊಂಡು ಅವರ ಹಿಂದೆ ಇಳಿದು ಕೂಗಿದೆ. ನಿಂತರು. ಗಂಟನ್ನು ತೆಗೆದುಕೊಂಡು, ಚಟ್ನಿ ಇಟ್ಟಿದ್ದೀಯೋ ಇಲ್ಲವೋ ಎಂದು ಕೇಳಿದರು. ಇಟ್ಟಿದ್ದೇನೆ ಎಂದೆ. ಅವರು ಕೋರ್ಟಿನ ಕಡೆ ನಡೆದರು. ಹುಕ್ಕೇರಿಯ ಬಸ್ಸು ಆಗಲೇ ತುಂಬಿತ್ತು, ನಿಂತುಕೊಂಡೇ ಹೋದೆ.